ಅಮೆರಿಕೆಯ ಔಷಧದಂಗಡಿಗಳಲ್ಲಿ ಸೋಡಿಚೀಟಿಯ ಚರಿತ್ರೆ

ವ್ಯಾಪಾರದ ಚರಿತ್ರೆಯನ್ನು ಬರೆಯುವವರು ಹಡಗು, ರೈಲು, ಬ್ಯಾಂಕು ಮೊದಲಾದ ದೊಡ್ಡ ವಿಷಯಗಳನ್ನೇ ಸಾಮಾನ್ಯವಾಗಿ ಎತ್ತಿಕೊಳ್ಳುವರು. ಅಂಗಡಿಯಲ್ಲಿ ಕೈಯಿಂದ ಕೈಗೆ ದಾಟುವ ಒಂದು ತುಂಡು ಕಾಗದವು ಅವರ ಗಮನಕ್ಕೆ ಬರುವುದು ಅಪೂರ್ವ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೂಪನ್ ಎಂದು ಹೆಸರಾದ ಸೋಡಿಚೀಟಿಯ ವೃತ್ತಾಂತವು ಅಷ್ಟು ಅಲ್ಪವಾದುದಲ್ಲ. ಒಂದು ಪದಾರ್ಥದ ಬೆಲೆಯನ್ನು ಗೊತ್ತುಮಾಡುವ ಅಧಿಕಾರವು ತಯಾರಕನದೋ, ಅಂಗಡಿಯವನದೋ, ಸರ್ಕಾರದ್ದೋ ಎಂಬ ದೀರ್ಘವಾದ ವಿವಾದವೇ ಅದರಲ್ಲಿ ಅಡಗಿದೆ. ಸೋಡಿಗೆ ಪ್ರತಿಯಾಗಿ ಕೊಳ್ಳುವವನು ತಾನೇನನ್ನು ಕೊಡುತ್ತಾನೆಂಬ ಪ್ರಶ್ನೆಯೂ ಅದರೊಡನೆ ಸೇರಿಕೊಂಡಿದೆ. ಈ ಎರಡೂ ವಿಚಾರಗಳು ಔಷಧದಂಗಡಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

ಆ ದೇಶದ ಔಷಧದಂಗಡಿಯೆಂದರೆ ಔಷಧವನ್ನು ಮಾತ್ರ ಮಾರುವ ಸ್ಥಳವಲ್ಲ. ಸಾಬೂನು, ಹಲ್ಲುಪುಡಿ, ಸುಗಂಧದ್ರವ್ಯ, ಕಾಗದ, ಮಿಠಾಯಿ ಮುಂತಾದುವೂ ಅಲ್ಲಿ ದೊರೆಯುವುವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥ ಅಂಗಡಿಗಳಲ್ಲಿ ಸೋಡಾ ಪಾನೀಯದ ಕಟ್ಟೆಯೂ ಇರುತ್ತಿದ್ದಿತು. 1886ರಲ್ಲಿ ಅಟ್ಲಾಂಟಾ ನಗರದ ಔಷಧವ್ಯಾಪಾರಿ ಜಾನ್ ಪೆಂಬರ್ಟನ್ ಎಂಬಾತನು ಸಿದ್ಧಪಡಿಸಿದ ಕೋಕಾ-ಕೋಲಾ ಎಂಬ ಪಾನಕವು ಮೊದಲು ಮಾರಾಟವಾದುದು ಆ ನಗರದ ಜೇಕಬ್ಸ್ ಔಷಧದಂಗಡಿಯಲ್ಲಿ. ಬೆಲೆಯು ಲೋಟವೊಂದಕ್ಕೆ 5 ಸೆಂಟು. ಪೆಂಬರ್ಟನ್ನನು 1888ರಲ್ಲಿ ಮೃತನಾದನು. ವ್ಯಾಪಾರದ ಹಕ್ಕನ್ನು ಕ್ರಮಕ್ರಮವಾಗಿ ಕೈವಶ ಮಾಡಿಕೊಂಡ ಏಸಾ ಕ್ಯಾಂಡ್ಲರನೂ ಔಷಧವ್ಯಾಪಾರಿಯೇ. ಈ ಪಾನಕವನ್ನು ಒಂದು ಲೋಟ ಉಚಿತವಾಗಿ ಕುಡಿಯಬಹುದೆಂದು ಅಚ್ಚುಮಾಡಿದ ಚೀಟಿಗಳು ಅಂಚೆಯ ಮೂಲಕ ಮನೆಗಳನ್ನು ಮುಟ್ಟಿದುವು. ಪತ್ರಿಕೆಗಳೊಳಗೂ ಸೇರಿ ಹೋದುವು. 1894ರಿಂದ 1913ರವರೆಗೆ ಹೀಗೆ ಸುಮಾರು 85 ಲಕ್ಷ ಲೋಟಗಳನ್ನು ಉಚಿತವಾಗಿ ಹಂಚಿದರೆಂಬುದು ಕಂಪೆನಿಯ ಲೆಕ್ಕ. ಇದನ್ನು ಔದಾರ್ಯವೆನ್ನಲಾಗದು. ಮೊದಲನೆಯ ಲೋಟವು ದಾನ. ಎರಡನೆಯದರಿಂದ ಮುಂದಿನದೆಲ್ಲ ವ್ಯಾಪಾರ. ಕೊಳ್ಳುವವನು ಇಲ್ಲಿ ಕೊಟ್ಟುದು ಹಣವನ್ನಲ್ಲ, ತನ್ನ ನಾಲಿಗೆಯ ಅಭ್ಯಾಸವನ್ನು.

ಚೀಟಿಯು ತಯಾರಕನ ಉಪಾಯವಾದರೆ, ಅಂಗಡಿಯವನ ಉಪಾಯವು ಟ್ರೇಡಿಂಗ್ ಸ್ಟಾಂಪು. ಸ್ಪೆರ್ರಿ ಮತ್ತು ಹಚಿನ್ಸನ್ ಎಂಬಿಬ್ಬರು 1896ರಲ್ಲಿ ಆರಂಭಿಸಿದ ಸಂಸ್ಥೆಯು ಹಸುರು ಬಣ್ಣದ ಸ್ಟಾಂಪುಗಳನ್ನು ವರ್ತಕರಿಗೆ ಮಾರುತ್ತಿದ್ದಿತು. ವರ್ತಕನು ಅವನ್ನು ಖರೀದಿಯ ಮೊತ್ತಕ್ಕೆ ತಕ್ಕಂತೆ ಗಿರಾಕಿಗೆ ಕೊಡುವನು. ಗಿರಾಕಿಯು ಅವನ್ನು ಪುಸ್ತಕದಲ್ಲಿ ಅಂಟಿಸಿ, ಪುಸ್ತಕವು ತುಂಬಿದ ಮೇಲೆ ಪಾತ್ರೆ, ದೀಪ, ಪೀಠೋಪಕರಣಗಳನ್ನು ಪಡೆಯುವನು. ಈಗಿನ ಅಂಕಗಳ ಪದ್ಧತಿಗೆ ಇದೇ ಮೂಲವೆಂದರೆ ತಪ್ಪಾಗದು. ಸ್ಟಾಂಪುಗಳನ್ನು ಕೊಡದ ವರ್ತಕರು ಇದನ್ನು ಸಹಿಸಲಿಲ್ಲ. ಅನೇಕ ಸಂಸ್ಥಾನಗಳು ಇದರ ಮೇಲೆ ನಿರ್ಬಂಧಗಳನ್ನೂ ತೆರಿಗೆಗಳನ್ನೂ ವಿಧಿಸಿದುವು. ಫ್ಲಾರಿಡಾ ಸಂಸ್ಥಾನವು ವಿಧಿಸಿದ ತೆರಿಗೆಯು ನ್ಯಾಯವಾದುದೆಂದು 1916ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿತು. ಚೀಟಿಗೆ ನಗದು ಬೆಲೆಯನ್ನು ನಮೂದಿಸಬೇಕೆಂದು ಕೆಲವು ಸಂಸ್ಥಾನಗಳು ನಿಯಮಮಾಡಿದುವು. ಆ ಕಾಲದ ಜಗಳವನ್ನು ಜನರು ಮರೆತರೂ, ಸೋಡಿಚೀಟಿಯ ಮೂಲೆಯಲ್ಲಿ ಸೂಕ್ಷ್ಮಾಕ್ಷರಗಳಿಂದ ಅಚ್ಚಾದ ‘ನಗದು ಬೆಲೆ ಒಂದು ಸೆಂಟಿನ ನೂರನೆಯ ಒಂದು ಭಾಗ’ ಎಂಬ ವಾಕ್ಯವು ಅದರ ಗುರುತಾಗಿ ಉಳಿದಿದೆ.

ಇದೇ ಕಾಲದಲ್ಲಿ ಔಷಧದ ಬೆಲೆಯನ್ನು ಕುರಿತು ಮತ್ತೊಂದು ಕಲಹವು ನಡೆಯುತ್ತಿದ್ದಿತು. ಇಂಡಿಯಾನಾ ಸಂಸ್ಥಾನದ ಡಾಕ್ಟರ್ ಮೈಲ್ಸ್ ಕಂಪೆನಿಯು ತನ್ನ ಔಷಧಗಳನ್ನು ಗೊತ್ತಾದ ಬೆಲೆಗಿಂತ ಕಡಮೆಗೆ ಯಾರೂ ಮಾರಕೂಡದೆಂದು ವರ್ತಕರಿಂದ ಕರಾರು ಬರೆಯಿಸಿಕೊಳ್ಳುತ್ತಿದ್ದಿತು. ಇಂಥ ಕರಾರು ಶಾಸನಬದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1911ರಲ್ಲಿ ನಿರ್ಣಯಿಸಿತು. ಸಣ್ಣ ಔಷಧದಂಗಡಿಗಳವರು ಇದರಿಂದ ಕಳವಳಗೊಂಡರು. ಏಕೆಂದರೆ ದೊಡ್ಡ ಅಂಗಡಿಗಳು ಬೆಲೆಯನ್ನಿಳಿಸಿದರೆ ತಮಗೆ ಉಳಿವಿಲ್ಲವೆಂಬುದು ಅವರ ವಾದ. ಅವರ ಸಂಘದ ಒತ್ತಾಯವು ಫಲಿಸಿ, 1931ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವೂ, ಅನಂತರ ಇತರ ಸಂಸ್ಥಾನಗಳೂ ಕನಿಷ್ಠ ಬೆಲೆಯನ್ನು ರಕ್ಷಿಸುವ ಕಾನೂನುಗಳನ್ನು ಮಾಡಿದುವು. 1937ರ ಮಿಲ್ಲರ್-ಟೈಡಿಂಗ್ಸ್ ಕಾನೂನಿನಿಂದ ಅವುಗಳಿಗೆ ಕೇಂದ್ರದ ಬೆಂಬಲವೂ ದೊರೆಯಿತು. ಸ್ಟಾಂಪು ಕೊಡುವುದೂ ಬೆಲೆಯಿಳಿಸಿದಂತೆಯೇ ಆಗುವುದೇ ಎಂಬ ವಿಷಯದಲ್ಲಿ ಬೇರೆ ಬೇರೆ ನ್ಯಾಯಾಲಯಗಳು ಬೇರೆ ಬೇರೆ ಅಭಿಪ್ರಾಯಗಳನ್ನು ಕೊಟ್ಟುವು. ತಯಾರಕನೇ ಅಚ್ಚುಹಾಕಿಸಿದ ಚೀಟಿಗಾದರೋ ಆ ತೊಡಕಿಲ್ಲ. ಡಬ್ಬಿಯ ಮೇಲಿನ ಬೆಲೆಯೂ ಕೆಡುವುದಿಲ್ಲ, ಚೀಟಿ ತಂದವನಿಗೆ ಸೋಡಿಯೂ ತಪ್ಪುವುದಿಲ್ಲ. ಬೆಲೆಯನ್ನು ರಕ್ಷಿಸುವ ಈ ಕಾನೂನುಗಳಿಗೆ ಆಧಾರವಾಗಿದ್ದ ಕೇಂದ್ರದ ಅನುಮತಿಯು 1975ರಲ್ಲಿ ರದ್ದಾಯಿತು. ಆ ಮೇಲೆ ಅಗ್ಗದ ಮಾರಾಟಕ್ಕೆ ಅಡ್ಡಿಯಿಲ್ಲದೆ, ಸರಣಿಯ ಅಂಗಡಿಗಳು ದೇಶವನ್ನೆಲ್ಲ ವ್ಯಾಪಿಸಿದುವು.

ಇವುಗಳಲ್ಲಿ ಪ್ರಮುಖವಾದುವು ಮೂರು: 1901ರಲ್ಲಿ ಷಿಕಾಗೋ ನಗರದಲ್ಲಿ ಚಾರ್ಲ್ಸ್ ವಾಲ್‌ಗ್ರೀನನು ಆರಂಭಿಸಿದ ವಾಲ್‌ಗ್ರೀನ್ಸ್, 1962ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಅನಂತರ ರೈಟ್ ಏಯ್ಡ್ ಎಂದು ಹೆಸರಾದುದು, 1963ರಲ್ಲಿ ಮ್ಯಾಸಚೂಸೆಟ್ಸಿನ ಲೋವೆಲ್ ಪಟ್ಟಣದಲ್ಲಿ ತೆರೆದ ಸಿ. ವಿ. ಎಸ್. 1974ರಲ್ಲಿ ಒಹಾಯೋ ಸಂಸ್ಥಾನದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಗೆರೆಗಳ ಗುರುತನ್ನು ಯಂತ್ರವು ಮೊತ್ತಮೊದಲು ಓದಿದಂದಿನಿಂದ, ಯಾವ ಪದಾರ್ಥವು ಯಾವ ಹೊತ್ತಿನಲ್ಲಿ ಮಾರಾಟವಾಯಿತೆಂಬುದನ್ನು ತಿಳಿಯುವುದು ಸುಲಭವಾಗಿದ್ದಿತು. ಕೊಂಡವರು ಯಾರೆಂಬುದೊಂದು ಮಾತ್ರ ತಿಳಿಯಬೇಕಾಗಿದ್ದಿತು. ಆ ಕೊರತೆಯನ್ನು ಸದಸ್ಯತ್ವದ ಕಾರ್ಡು ತುಂಬಿತು. ಸಿ. ವಿ. ಎಸ್. ಸಂಸ್ಥೆಯ ಎಕ್ಸ್‌ಟ್ರಾಕೇರ್ 2001ರಲ್ಲಿಯೂ, ರೈಟ್ ಏಯ್ಡಿನ ವೆಲ್‌ನೆಸ್ ಪ್ಲಸ್ 2010ರಲ್ಲಿಯೂ, ವಾಲ್‌ಗ್ರೀನ್ಸಿನ ಬ್ಯಾಲೆನ್ಸ್ ರಿವಾರ್ಡ್ಸ್ 2012ರಲ್ಲಿಯೂ ಜಾರಿಗೆ ಬಂದುವು.

ಈ ಪದ್ಧತಿಯಲ್ಲಿ ಉಳಿತಾಯವಾಗುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಲ್ಲುಜ್ಜುವ ಪೇಸ್ಟಿನ ಬೆಲೆ 4 ಡಾಲರೆಂದು ಭಾವಿಸಿದರೆ, ತಯಾರಕನ ಚೀಟಿಯಿಂದ 1 ಡಾಲರೂ, ಅಂಗಡಿಯ ಚೀಟಿಯಿಂದ ಮತ್ತೊಂದು ಡಾಲರೂ ಕಳೆಯುವುದು. ಉಳಿದ 2 ಡಾಲರುಗಳನ್ನು ತೆತ್ತ ಗಿರಾಕಿಗೆ, ಮುಂದಿನ ಖರೀದಿಯಲ್ಲಿ ಉಪಯೋಗಿಸಲು 2 ಡಾಲರಿನ ಪಾರಿತೋಷಕವು ದೊರೆತರೆ, ಪೇಸ್ಟು ಬಿಟ್ಟಿಯಾಗಿ ಬಂದಂತೆಯೇ ತೋರುವುದು. ತಯಾರಕನ ಚೀಟಿಯ ಹಣವನ್ನು ಅಂಗಡಿಯವನು ತಯಾರಕನಿಂದ, ಸ್ವಲ್ಪ ಕೂಲಿಯೊಡನೆ, ವಸೂಲುಮಾಡಿಕೊಳ್ಳುವನು. ಪಾರಿತೋಷಕಕ್ಕಾದರೋ ಅವಧಿಯುಂಟು, ಅದು ಬೇರೆ ಅಂಗಡಿಯಲ್ಲಿ ಸಲ್ಲದು. ಹೀಗೆ ಗಳಿಸಿದುದು ಹಣವಲ್ಲ, ಮತ್ತೆ ಬರಬೇಕೆಂಬ ಕರೆಯೆಂದು ತಿಳಿಯಬೇಕು. ಜಾಣ್ಮೆಯಿಂದ ಇದನ್ನು ನಡೆಸಿ ಮನೆವಾರ್ತೆಯ ಖರ್ಚನ್ನು ಇಳಿಸಿಕೊಂಡ ಗೃಹಿಣಿಯರು ಅಸಂಖ್ಯಾತರು. ಅವರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಶ್ರಮವೆಂಬುದನ್ನೂ ಮರೆಯಬಾರದು. ಪತ್ರಿಕೆಯನ್ನು ಕತ್ತರಿಸಿ, ಅವಧಿಗಳನ್ನು ನೆನಪಿಟ್ಟು, ಅಂಗಡಿಗಳನ್ನು ಸುತ್ತಲು ಸಮಯವುಳ್ಳವರಿಗೆ ಒಂದು ಬೆಲೆ. ಎರಡು ಪಾಳಿ ದುಡಿಯುವವರಿಗೂ, ಮಂಚ ಬಿಟ್ಟೇಳಲಾರದ ವೃದ್ಧರಿಗೂ ಇನ್ನೊಂದು ಬೆಲೆ. ಒಂದೇ ಪದಾರ್ಥಕ್ಕೆ ಎರಡು ಬೆಲೆಗಳನ್ನು ಕಲ್ಪಿಸುವುದೇ ಸೋಡಿಚೀಟಿಯ ತಿರುಳು.

ಸಾಬೂನಿಗೆ ಹೊಂದಿದ ಈ ನ್ಯಾಯವು ವೈದ್ಯರು ಬರೆದುಕೊಟ್ಟ ಔಷಧಕ್ಕೂ ಹೊಂದಬಹುದೇ? ಅಮೆರಿಕೆಯ ಕಾನೂನು ಇಲ್ಲಿ ಗೆರೆಯನ್ನೆಳೆದಿದೆ. ವೃದ್ಧರಿಗಾಗಿ ಇರುವ ಮೆಡಿಕೇರ್, ಬಡವರಿಗಾಗಿ ಇರುವ ಮೆಡಿಕೇಡ್ ಮುಂತಾದ ಸರ್ಕಾರಿ ನೆರವಿನಲ್ಲಿ ಔಷಧವನ್ನು ಪಡೆಯುವವರು ತಯಾರಕನ ಸೋಡಿಚೀಟಿಯನ್ನು ಅದಕ್ಕೆ ಸೇರಿಸಿ ಬಳಸಕೂಡದು. ಚೀಟಿಯ ಆಸೆಯಿಂದ ಹೆಚ್ಚು ಬೆಲೆಯ ಔಷಧವನ್ನಾರಿಸಿದರೆ ಉಳಿದ ಹೊರೆಯು ಬೊಕ್ಕಸದ ಮೇಲೆ ಬೀಳುವುದೆಂಬುದೇ ಇದಕ್ಕೆ ಕಾರಣ. ಇಂಥ ಫಲಾನುಭವಿಗಳನ್ನು ತನ್ನ ಅಂಗಡಿಗೆ ಸೆಳೆಯಲು ಉಡುಗೊರೆಯ ಕಾರ್ಡುಗಳನ್ನು ಕೊಟ್ಟಿತೆಂಬ ಆರೋಪವನ್ನು ವಾಲ್‌ಗ್ರೀನ್ಸ್ ಸಂಸ್ಥೆಯು 2012ರಲ್ಲಿ 79 ಲಕ್ಷ ಡಾಲರುಗಳನ್ನು ತೆತ್ತು ಇತ್ಯರ್ಥಪಡಿಸಿಕೊಂಡಿತು. ಉದ್ದೇಶವು ಯುಕ್ತವಾದುದೇ. ಆದರೂ ಸೋಡಿಯ ಅವಶ್ಯಕತೆಯು ಯಾರಿಗೆ ಹೆಚ್ಚಾಗಿದೆಯೋ ಅವರಿಗೇ ಈ ಬಾಗಿಲು ಮುಚ್ಚಿದೆಯೆಂಬುದು ವಿಚಾರಾರ್ಹವಾದ ಸಂಗತಿ.

ಇನ್ನು ಪ್ರತಿಫಲದ ವಿಚಾರ. 2011ರಲ್ಲಿ ಸ್ಥಾಪಿತವಾದ ಗುಡ್‌ಆರ್‌ಎಕ್ಸ್ ಎಂಬ ಸಂಸ್ಥೆಯು ಔಷಧಗಳ ಮೇಲೆ ಸೋಡಿಚೀಟಿಗಳನ್ನು ಒದಗಿಸಿ ಪ್ರಸಿದ್ಧವಾಯಿತು. ಬಳಕೆದಾರರ ಆರೋಗ್ಯವಿಷಯಗಳನ್ನು ಅದು ಜಾಹೀರಾತಿನ ಸಂಸ್ಥೆಗಳೊಡನೆ ಹಂಚಿಕೊಂಡಿತೆಂದು 2023ರಲ್ಲಿ ಅಮೆರಿಕೆಯ ವ್ಯಾಪಾರ ಆಯೋಗವು ಆಪಾದಿಸಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆ 15 ಲಕ್ಷ ಡಾಲರುಗಳ ದಂಡವನ್ನು ಕೊಡಲು ಸಮ್ಮತಿಸಿತು. 2025ರ ಮೇ ತಿಂಗಳಲ್ಲಿ ರೈಟ್ ಏಯ್ಡ್ ಎರಡನೆಯ ಸಲ ದಿವಾಳಿಯಾದಾಗ ಗಿರಾಕಿಗಳಿಗೆ ಅಂಕಗಳನ್ನು ಕೊಡುವುದು ನಿಂತುಹೋಯಿತು. ಅವರ ಔಷಧಚೀಟಿಗಳ ದಾಖಲೆಗಳನ್ನಾದರೋ ಪ್ರತಿಸ್ಪರ್ಧಿ ಸಂಸ್ಥೆಗಳು ಬೆಲೆಕೊಟ್ಟು ಕೊಂಡುವು. ಅಕ್ಟೋಬರ್ ತಿಂಗಳೊಳಗೆ ಅದರ ಅಂಗಡಿಗಳೆಲ್ಲ ಮುಚ್ಚಿದುವು. ಗಿರಾಕಿಯ ಕೈಯಲ್ಲಿದ್ದುದು ಯಾವುದು ನಿಲ್ಲಲಾರದ್ದು, ಅಂಗಡಿಯ ಕೈಯಲ್ಲಿದ್ದುದು ಯಾವುದು ಬೆಲೆಬಾಳುವುದು ಎಂಬುದು ಇದರಿಂದ ವ್ಯಕ್ತವಾಯಿತು.

ಒಟ್ಟಿನಲ್ಲಿ ನೋಡಿದರೆ, ಸೋಡಿಯು ಎಂದೂ ದಾನವಾಗಿರಲಿಲ್ಲ, ಅದು ವಿನಿಮಯವೇ. ಮೊದಲು ಅಭ್ಯಾಸವೂ, ಅನಂತರ ನಿಷ್ಠೆಯೂ, ಶ್ರಮವೂ, ಈಚೆಗೆ ತನ್ನ ರೋಗಗಳ ವೃತ್ತಾಂತವೂ ಕೊಳ್ಳುವವನಿಂದ ಅಂಗಡಿಗೆ ಸಂದಿವೆ. ಬೆಲೆಯಲ್ಲಿ ಉಳಿದ ಸೆಂಟುಗಳನ್ನು ರಸೀದಿಯು ತಪ್ಪದೆ ತೋರಿಸುವುದು. ತೆತ್ತುದೇನೆಂಬುದು ರಸೀದಿಯಲ್ಲಿ ಬರೆದಿರುವುದಿಲ್ಲ. ಅದನ್ನು ಚರಿತ್ರೆಯಿಂದಲೇ ತಿಳಿಯಬೇಕು.