ತುಕ್ಕು ತಿಂದ ಕಬ್ಬಿಣ

ಬಂಕಾಪುರದ ಹೆಸರು ಹೇಳಿದೊಡನೆ ಕನ್ನಡ ಬಲ್ಲವರಿಗೆ ನೆನಪಾಗುವುದು ಕಲ್ಲು ಮತ್ತು ಓಲೆಗರಿ. ಕೋಟೆಯೊಳಗೆ ಅರವತ್ತು ಕಂಬಗಳ ನಗರೇಶ್ವರ ಗುಡಿಯಿದೆ. ಕ್ರಿ.ಶ. ೮೯೮ರ ಸುಮಾರಿಗೆ, ಲೋಕಾದಿತ್ಯನು ಆಳುತ್ತಿದ್ದಾಗ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಈ ಊರಿನಲ್ಲಿ. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂದು, ೯೭೪ರ ಸುಮಾರಿಗೆ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಆ ಆಚಾರ್ಯರ ಶಿಷ್ಯನೇ ರನ್ನ. ಗದಾಯುದ್ಧದ ಕವಿಗೆ ಗುರುವಾದವರು ಬಾಳಿದ ಊರಿದು. ಆದರೂ ಆ ಕಾಲದ ಒಂದು ಗದೆಯನ್ನಾಗಲಿ, ಒಂದು ಖಡ್ಗವನ್ನಾಗಲಿ ನಾನು ಇಲ್ಲಿ ಕಂಡವನಲ್ಲ. ಕಲ್ಲು ಉಳಿಯಿತು, ಕಾವ್ಯ ಉಳಿಯಿತು. ಅಷ್ಟೊಂದು ಯುದ್ಧಗಳ ಕಬ್ಬಿಣ ಎಲ್ಲಿ ಹೋಯಿತು?

ಈ ಪ್ರಶ್ನೆ ನನಗೆ ಹೊಳೆದದ್ದು ಒಂದು ಮೋಟಾರು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಾಗ.

ನಮ್ಮ ತಂದೆಯವರು ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಕೊಂಡ ಅಂಬಾಸಡರ್ ಗಾಡಿ ಅದು. ನಿವೃತ್ತರಾಗಿ ಊರಿಗೆ ಮರಳುವಾಗ ಅದನ್ನೂ ಘಟ್ಟ ಹತ್ತಿಸಿ ತಂದರು. ೧೯೫೮ರಿಂದ ತಯಾರಾಗುತ್ತಿದ್ದ ಆ ಗಾಡಿಯ ತಯಾರಿಕೆ ೨೦೧೪ರಲ್ಲಿ ನಿಂತುಹೋಯಿತು. ನಮ್ಮದು ಅದಕ್ಕೂ ಬಹಳ ಹಿಂದೆಯೇ ಅಂಗಳದ ಬೇವಿನ ನೆರಳಿನಲ್ಲಿ ನಿಂತಿತ್ತು. ಕಡಲ ಗಾಳಿಯ ಉಪ್ಪು ಅದರ ಬಾಗಿಲುಗಳ ಕೆಳಗಂಚಿನಲ್ಲಿ ಸೇರಿಕೊಂಡು ಬಂದಿತ್ತು. ಹಾವೇರಿ ಸೀಮೆಯ ಒಣಗಾಳಿಗೆ ಬಂದ ಮೇಲೂ ಆ ಉಪ್ಪು ತನ್ನ ಕೆಲಸ ಬಿಡಲಿಲ್ಲ. ಒಮ್ಮೆ ಒಂದು ಕಾರ್ಖಾನೆಗೆ ಒಯ್ದು ರಿಪೇರಿ ಮಾಡಿಸಿದೆ. ಅವರು ತುಕ್ಕಿನ ಮೇಲೆಯೇ ಲಪ್ಪ ಮೆತ್ತಿ, ಮೇಲೆ ಬಣ್ಣ ಹೊಡೆದು, ಮದುವಣಗಿತ್ತಿಯಂತೆ ಸಿಂಗರಿಸಿ ಕಳಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೊಕ್ಕೆಯೆದ್ದು ಉದುರಿತು. ಗುಜರಿಯವನು ಎರಡು ಸಲ ಬಂದು ಬೆಲೆ ಕೇಳಿ ಹೋದ. ಕೊಡಲು ಮನಸ್ಸಾಗಲಿಲ್ಲ. ಆಗಲೇ, ಆದದ್ದಾಗಲಿ, ನಾನೇ ಕೈಹಚ್ಚುತ್ತೇನೆ ಎಂದು ನಿಶ್ಚಯಿಸಿದ್ದು.

ತುಕ್ಕು ಎಂದರೇನು? ಕಬ್ಬಿಣ, ನೀರು, ಗಾಳಿಯಲ್ಲಿಯ ಆಮ್ಲಜನಕ ಈ ಮೂರೂ ಸೇರಿದಾಗ ಹುಟ್ಟುವ ಕೆಂಪು ಪುಡಿ. ಉಪ್ಪು ಅದಕ್ಕೆ ದಲ್ಲಾಳಿಯಿದ್ದಂತೆ, ವ್ಯವಹಾರವನ್ನು ಬೇಗ ಕುದುರಿಸುತ್ತದೆ. ತಾಮ್ರ-ಹಿತ್ತಾಳೆಗಳಿಗೆ ಹಿಡಿಯುವ ಕಿಲುಬು ಲೋಹದ ಮೈಗಂಟಿ ಒಳಗಿನದನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕಿಗೆ ಆ ಗುಣವಿಲ್ಲ. ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹಿಗ್ಗಿ, ಪದರುಪದರಾಗಿ ಎದ್ದು, ಒಳಗಿನ ಹೊಸ ಕಬ್ಬಿಣಕ್ಕೆ ಮತ್ತೆ ದಾರಿ ಮಾಡಿಕೊಡುತ್ತದೆ. ಸಂಡೂರಿನ ಗುಡ್ಡದಲ್ಲಿ, ಕಪ್ಪತಗುಡ್ಡದಲ್ಲಿ ಅದಿರಿನ ರೂಪದಲ್ಲಿ ಬಿದ್ದಿರುವುದೂ ಕಬ್ಬಿಣ ಮತ್ತು ಆಮ್ಲಜನಕಗಳ ಕೂಟವೇ. ಇದ್ದಿಲಿನ ಬೆಂಕಿಯಿಂದ ಮನುಷ್ಯ ಅವೆರಡನ್ನೂ ಅಗಲಿಸುತ್ತಾನೆ; ಮಳೆಗಾಲ ಅವನ್ನು ಮತ್ತೆ ಕೂಡಿಸುತ್ತದೆ.

ಮನೆಯಲ್ಲಿ ತುಕ್ಕು ತೆಗೆಯುವ ಕೆಲಸದಲ್ಲಿ ಜಾಣತನಕ್ಕಿಂತ ತಾಳ್ಮೆ ದೊಡ್ಡದು. ಮೊದಲು ಮಣ್ಣು ತೊಳೆಯಬೇಕು. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಒಂದೊಂದು ಬೊಗಸೆ ಕರಿಮಣ್ಣು ಕುಳಿತಿತ್ತು. ಆ ಮಣ್ಣು ಕಾರ್ತಿಕದವರೆಗೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲುಗಳ ಕೆಳಗೆ, ಒಳಹೊಕ್ಕ ಮಳೆನೀರು ಹರಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ಅವೆಲ್ಲ ಕಸದಿಂದ ಮುಚ್ಚಿಹೋಗಿದ್ದವು. ಬಾಗಿಲುಗಳೆಲ್ಲ ಒಳಗೊಳಗೇ ಕೊಡಗಳಾಗಿದ್ದವು. ಒಂದು ತಂತಿಯಿಂದ ಆ ತೂತುಗಳನ್ನು ಬಿಡಿಸಿದ್ದೇ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ. ಆಮೇಲೆ ತಂತಿಯ ಬ್ರಷ್ಷು, ಉಪ್ಪುಕಾಗದ. ಮೆತ್ತಿದ ಲಪ್ಪವನ್ನೆಲ್ಲ ಕೆರೆದು ತೆಗೆದರೆ, ಅದರಡಿಯಲ್ಲಿ ಹಪ್ಪಳದಂತಾದ ತಗಡು.

ಬಿಚ್ಚಲು ಬಂದ ಬೋಲ್ಟು, ಬಿಜಾಗರಿಗಳನ್ನು ರಾತ್ರಿಯಿಡೀ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಹುಣಸೆಯ ಹುಳಿ ತುಕ್ಕನ್ನು ಕರಗಿಸಿ ನೀರಿಗೆ ಸೆಳೆಯುತ್ತದೆ. ಮರೆತು ನಾಲ್ಕು ದಿನ ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ. ತೆಗೆದೊಡನೆ ತೊಳೆದು ಒರೆಸಿ ಬಿಸಿಲಿಗೆ ಹಿಡಿಯದಿದ್ದರೆ ಊಟ ಮಾಡಿ ಬರುವಷ್ಟರಲ್ಲಿ ಹೊಸ ತುಕ್ಕಿನ ಅರಿಸಿನ ಬಣ್ಣ ಕಾಣಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸಿ ಬೂದು ಬಣ್ಣದ ಪೊರೆಯಾಗಿ ನಿಲ್ಲಿಸುತ್ತದೆ. ದಿಲ್ಲಿಯ ಕಬ್ಬಿಣದ ಕಂಬ ಸುಮಾರು ೧೬೦೦ ವರ್ಷ ಮಳೆಬಿಸಿಲುಗಳಲ್ಲಿ ನಿಂತದ್ದರ ಗುಟ್ಟಿನಲ್ಲಿಯೂ ರಂಜಕದ ಪಾಲು ದೊಡ್ಡದೆಂದು ಕಾನ್ಪುರದ ವಿಜ್ಞಾನಿ ಬಾಲಸುಬ್ರಮಣ್ಯಂ ಅವರು ವಿವರಿಸಿದ್ದಾರೆ. ಇದ್ದಿಲಿನ ಕುಲುಮೆಯಲ್ಲಿ ಸುಣ್ಣ ಬೆರೆಸದೆ ಕರಗಿಸಿದ್ದರಿಂದ ರಂಜಕ ಕಬ್ಬಿಣದಲ್ಲಿಯೇ ಉಳಿದು, ಮೇಲ್ಮೈಯಲ್ಲಿ ಕಾಪಿಡುವ ಪೊರೆ ಕಟ್ಟಿತಂತೆ. ನೆಲದಲ್ಲಿ ಹುಗಿದ ಭಾಗಕ್ಕೆ ಮಾತ್ರ ತುಕ್ಕು ಹಿಡಿಯಿತು. ನಮ್ಮ ಕೊಡಚಾದ್ರಿಯ ಮೇಲೂ ಮೂಲ ಮೂಕಾಂಬಿಕೆಯ ಗುಡಿಯೆದುರು ಒಂದು ಕಬ್ಬಿಣದ ಕಂಬವಿದೆ. ಅಲ್ಲಿಯ ಮಳೆಯಲ್ಲಿ ನೆನೆದವರು ಅದಕ್ಕೆ ಕೈಮುಗಿಯದೆ ಇರಲಾರರು.

ನಮ್ಮ ಹಿರಿಯರಿಗೆ ರಸಾಯನಶಾಸ್ತ್ರದ ಹೆಸರುಗಳು ಗೊತ್ತಿರಲಿಲ್ಲ, ಪಂಚಾಂಗ ಗೊತ್ತಿತ್ತು. ನಮ್ಮ ಕಡೆಯ ಖಂಡೇಪೂಜೆ ಬರುವುದು ಮಳೆಗಾಲ ಹಿಂದಾಗುವ ಹೊತ್ತಿಗೆ. ಕುಡ, ಕುಡಗೋಲು, ಕೊಡಲಿಗಳನ್ನು ಹೊರತೆಗೆದು, ತಿಕ್ಕಿ, ಎಣ್ಣೆ ಸವರದೆ ಪೂಜೆಗೆ ಇಡುವಂತಿಲ್ಲ. ವರ್ಷಕ್ಕೊಮ್ಮೆ, ತಕ್ಕ ಕಾಲದಲ್ಲಿ, ಪ್ರತಿಯೊಂದು ಮನೆಯಲ್ಲಿಯೂ ತುಕ್ಕು ತೆಗೆಯುವ ವ್ಯವಸ್ಥೆ ಅದು. ಈಗ ಗಾಡಿಗೆ ಮೇಲಿಂದ ಮೇಲೆ ನೀರು ಸುರಿದು, ಹಾರ ಹಾಕಿ, ಕುಂಬಳಕಾಯಿ ಒಡೆದು ಮುಗಿಸುತ್ತೇವೆ. ಅಡಿಯಲ್ಲಿ ಬಗ್ಗಿ ನೋಡುವವರು ಯಾರು?

ಕೆಲಸ ಇಷ್ಟಕ್ಕೆ ಬಂದಾಗ ನನಗೊಂದು ತೊಡಕು ಎದುರಾಯಿತು. ಎಡಗಡೆಯ ಹಿಂಬಾಗಿಲಿನ ಅಂಚನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯುತ್ತ ಹೋದೆ. ಹೊಳಪು ಬರಲಿಲ್ಲ. ತುಕ್ಕು ಮುಗಿಯಿತು, ಬಾಗಿಲೂ ಮುಗಿಯಿತು. ನನ್ನ ಕೈಬೆರಳು ಆಚೆಯ ಗಾಳಿಗೆ ಹೋಯಿತು. ಅಲ್ಲಿ ಬಾಗಿಲಿನ ಆಕಾರವನ್ನು ಹಿಡಿದುಕೊಂಡಿದ್ದದ್ದು ಬರಿಯ ತುಕ್ಕು.

ಆ ಹೊತ್ತಿನಲ್ಲಿ ನೆನಪಾದದ್ದು ಹಳ್ಳೂರು. ನಮ್ಮ ಜಿಲ್ಲೆಯ ಹಿರೇಕೆರೂರ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಊರು. ೧೯೬೫ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ಕೊನೆಯ ಜನ ಕಲ್ಲಿನ ಕೊಡಲಿಯಿಂದ ಕಬ್ಬಿಣದ ಕಡೆಗೆ ಹೊರಳಿದ ಸಂಧಿಕಾಲದ ಸ್ತರಗಳಲ್ಲಿ ಕಬ್ಬಿಣದ ಬಾಣದ ಮೊನೆಗಳು ದೊರೆತವು. ಇಂಗಾಲದ ಕಾಲನಿರ್ಣಯ ಅವನ್ನು ಕ್ರಿಸ್ತಪೂರ್ವ ೧೦೦೦ದ ಆಚೀಚೆಗೆ ಒಯ್ದಾಗ ವಿದ್ವಾಂಸರು ಬೆರಗಾದರು. ದಕ್ಷಿಣದಲ್ಲಿ ಕಬ್ಬಿಣ ಅಷ್ಟು ಹಳೆಯದೆಂದು ಆಗ ಯಾರೂ ಎಣಿಸಿರಲಿಲ್ಲ. ಕಬ್ಬಿಣಕ್ಕೆ ಹಳಗನ್ನಡದಲ್ಲಿ ಕರ್ಬುನ ಎಂಬ ಹೆಸರಿದೆ. ಕರಿಯ ಪೊನ್ನು ಎಂದು ಅದನ್ನು ಬಿಡಿಸುತ್ತಾರೆ. ಉಕ್ಕು ಎಂಬ ನಮ್ಮ ಮಾತೇ ‘ವೂಟ್ಜ್’ ಎಂದಾಗಿ, ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರ ಚರ್ಚೆಗೆ ವಸ್ತುವಾಯಿತು. ಆ ಹೆಮ್ಮೆಯ ಕಥೆಯ ಮೊದಲ ಪುಟಗಳಲ್ಲಿ ಹಳ್ಳೂರಿನದೂ ಒಂದು.

ಆದರೆ ಅಷ್ಟು ಹಳೆಯ ಕಬ್ಬಿಣ ನೆಲದಿಂದ ಹೊರಬರುವಾಗ ಹೇಗಿರುತ್ತದೆ? ಬಹಳ ಸಲ ಅದರಲ್ಲಿ ಲೋಹ ಉಳಿದಿರುವುದೇ ಅಲ್ಪ. ಕಂದು ಗಡ್ಡೆಯೊಂದು ಸಿಗುತ್ತದೆ, ಅಷ್ಟೆ. ಮೊನೆ, ಅಂಚು, ಹಿಡಿಯ ಗುರುತು ಎಲ್ಲವೂ ತುಕ್ಕಿನಲ್ಲಿಯೇ ಅಚ್ಚೊತ್ತಿರುತ್ತವೆ. ಮರದ ಹಿಡಿ ಕೊಳೆತು ಹೋದರೂ ಅದರ ಎಳೆಗಳ ಗುರುತನ್ನು ತುಕ್ಕು ಕಾಯ್ದುಕೊಂಡಿರಬಹುದು. ಆದುದರಿಂದ ಸಂರಕ್ಷಣೆಯನ್ನು ಬಲ್ಲವರು ನನ್ನಂತೆ ಬ್ರಷ್ಷು ಹಿಡಿದು ಉಜ್ಜುವುದಿಲ್ಲ. ಕ್ಷಕಿರಣದ ಚಿತ್ರ ತೆಗೆದು ಮೂಲದ ಮೇಲ್ಮೈ ಎಲ್ಲಿದೆಯೆಂದು ನೋಡುತ್ತಾರೆ. ಮೇಲಿನ ಒರಟು ಹೆಪ್ಪನ್ನು ಬಿಡಿಸಿ, ಉಪ್ಪನ್ನು ಹೊರತೆಗೆದು, ಉಳಿದ ತುಕ್ಕನ್ನು ಹಾಗೆಯೇ ಬಿಟ್ಟು ಒಣಹವೆಯಲ್ಲಿಡುತ್ತಾರೆ. ಹೊಳಪಿನ ಆಸೆಗೆ ಬಿದ್ದಿದ್ದರೆ ಮೂರು ಸಾವಿರ ವರ್ಷದ ಬಾಣ ಒಂದು ಹಿಡಿ ಕೆಂಪುಪುಡಿಯಾಗಿ ಬಸಿಯಲ್ಲಿ ಉಳಿಯುತ್ತಿತ್ತು. ಗಾಡಿಗೂ ಬಾಣಕ್ಕೂ ಒಂದೇ ನ್ಯಾಯವಲ್ಲ, ನಿಜ. ಓಡಬೇಕಾದ ಗಾಡಿಯ ಭಾರ ಹೊರುವ ಭಾಗದಲ್ಲಿ ತುಕ್ಕನ್ನು ಉಳಿಸುವುದು ಪ್ರಾಣಕ್ಕೆ ಅಪಾಯ. ಬ್ರಷ್ಷು ಹಿಡಿದವನು ಮೊದಲು ಅದನ್ನು ನಿರ್ಧರಿಸಬೇಕಿತ್ತು. ನಾನು ಕೆರೆದಾದ ಮೇಲೆ ನಿರ್ಧರಿಸಿದೆ.

ತುಕ್ಕಿಗೆ ನಮ್ಮಲ್ಲಿ ಬೇರೆ ಮಾನಗಳೂ ಇದ್ದವೆಂಬುದನ್ನು ಇಲ್ಲಿಯೇ ಹೇಳಬೇಕು. ಆಯುರ್ವೇದದಲ್ಲಿ ಮಂಡೂರವೆಂಬ ಹಳೆಯ ಕಬ್ಬಿಣದ ಕಿಟ್ಟ ಪಾಂಡುರೋಗಕ್ಕೆ ಮದ್ದು. ನೂರು ವರ್ಷದ್ದಾದರೆ ಶ್ರೇಷ್ಠ ಎನ್ನುತ್ತಾರೆ. ಹಳ್ಳಿಮನೆಯ ಗೋಡೆಯ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಕಿಟಕಿಯ ಸರಳಿಗೆ ತುಕ್ಕು ಹಿಡಿಯದಿರಲೆಂದು ಬಳಿಯುವ ರೆಡ್ ಆಕ್ಸೈಡ್ ಕೂಡ ಅದೇ ಕುಲದ್ದು! ನಾನೂ ಬಾಗಿಲಿಗೆ ಅದನ್ನೇ ಬಳಿದೆ.

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸು ನಿಂತದ್ದು ಮಸಿಯ ವಿಷಯದಲ್ಲಿ. ತುಕ್ಕನ್ನು ಕರಿಯ ಪೊರೆಯಾಗಿಸುವ ಇಂದಿನ ಕೆಲವು ದ್ರಾವಣಗಳಲ್ಲಿರುವುದು ಟ್ಯಾನಿನ್, ಎಂದರೆ ಅಳಲೆಕಾಯಿಯ ಒಗರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯೆಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡಿಕೊಂಡು ಶಾಲೆಗೆ ಹೋದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬಹಳ ಮಂದಿ. ಗಾಡಿಯ ತಗಡನ್ನು ಕಾಯುವುದೂ ಬರೆದ ಅಕ್ಷರವನ್ನು ಕಾಗದಕ್ಕೆ ಹಿಡಿಸುವುದೂ ಒಂದೇ ಕ್ರಿಯೆ: ಒಗರು ಮತ್ತು ಕಬ್ಬಿಣ ಕೂಡಿ ಕಪ್ಪಾಗುವುದು.

ತೂತಾದ ಅಂಚಿಗೆ ಹೊಸ ತಗಡು ಬೆಸೆಸಿದೆ. ನೆಲದ ತಗಡಿನ ತುಕ್ಕನ್ನು ಪೂರ್ತಿಯಾಗಿ ತೆಗೆಸಿ ಬಣ್ಣ ಕೊಟ್ಟೆ. ಮುಂಬಾಗಿಲ ಹಿಡಿಯ ಬಳಿ, ತಂದೆಯವರ ಹೆಬ್ಬೆರಳು ಸವೆಸಿ ಬಣ್ಣ ಹೋಗಿ ಕಂದಾಗಿದ್ದ ಒಂದು ಕಡೆಯನ್ನು ಮಾತ್ರ ಕೆರೆಯದೆ, ಎಣ್ಣೆ ಸವರಿ ಬಿಟ್ಟಿದ್ದೇನೆ.

ಬೋಲ್ಟುಗಳನ್ನು ನೆನೆಹಾಕಿದ ಹುಣಸೆನೀರು ಬಕೀಟಿನಲ್ಲಿ ಉಳಿದಿತ್ತು. ಅದನ್ನು ಸೋಸಿ, ಅಳಲೆಕಾಯಿಯ ಕಷಾಯ ಬೆರೆಸಿದೆ. ಪೆಟ್ರೋಲು, ಎಣ್ಣೆ, ಟಯರುಗಳ ಲೆಕ್ಕವನ್ನು ತಂದೆಯವರು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದರ ಕೊನೆಯ ಪುಟದಲ್ಲಿ, ಅವರ ಅಕ್ಷರದ ಕೆಳಗೆ, ದುರಸ್ತಿಯ ತಾರೀಖನ್ನು ಆ ನೀರಿನಿಂದ ಬರೆದೆ. ಬರೆಯುವಾಗ ತೆಳುವಾಗಿತ್ತು, ಒಣಗುತ್ತ ಕಪ್ಪಾಯಿತು.