ಕಮಲಾ ಭಾಗವತರಿಗೆ ಒದಗಿದ ದಾರಿಬುತ್ತಿ

ನಾರಾಯಣಗೂಡದ ನಮ್ಮ ಕನ್ನಡ ಮನೆಗಳಲ್ಲಿ ಮಗಳು ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡುತ್ತೇನೆಂದರೆ ಎರಡು ಪ್ರಶ್ನೆಗಳು ಏಳುತ್ತವೆ: ಇನ್ನೈದು ವರ್ಷ ಖರ್ಚಿಗೇನು? ಮದುವೆ ಯಾವಾಗ? ಬಿ.ಎಸ್ಸಿ.ಗೇ ಓದು ನಿಲ್ಲಿಸಿ ಗುಮಾಸ್ತಗಿರಿ ಹಿಡಿದ ನಮಗೆ ಮೊದಲ ಪ್ರಶ್ನೆಯ ಭಾರ ಚೆನ್ನಾಗಿ ಗೊತ್ತು. ಅದಕ್ಕೆಂದೇ ಒಂದು ಹಳೆಯ ಸಂಗತಿಯನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ (ಮುಂದೆ ಕಮಲಾ ಸೋಹೊನಿ) ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕ ಸರ್ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಕೆಲಸ ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ 1936ರಲ್ಲಿ ಎಂ.ಎಸ್ಸಿ. ಪಡೆದರು. ರಾಮನ್ನರ ಮನಸ್ಸೂ ಬದಲಾಯಿತು. ಮುಂದಿನ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು.

ಬಾಗಿಲು ತೆರೆದರೆ ಸಾಲದು, ದಾರಿಬುತ್ತಿಯೂ ಬೇಕು. ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಅದನ್ನು ಒದಗಿಸಿತು. ಆಕೆ ಕೇಂಬ್ರಿಜ್ ಸೇರಿ, ಆಲೂಗಡ್ಡೆಯನ್ನಿಟ್ಟುಕೊಂಡು ಸಸ್ಯಗಳ ಉಸಿರಾಟವನ್ನು ಶೋಧಿಸಿದರು. ಹೂ ಬಿಡುವ ಗಿಡಗಳಲ್ಲಿರುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದ ಬಗ್ಗೆ ರಾಬಿನ್ ಹಿಲ್ ಅವರೊಡನೆ ಬರೆದ ಲೇಖನ 1939ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಡಾಕ್ಟರೇಟ್ ಬಂತು.

ಕಿಣ್ವ ನಮಗೆ ಅಪರಿಚಿತವಲ್ಲ. ಮೊಳಕೆ ಕಟ್ಟಿದ ರಾಗಿಯ ಪಿಷ್ಟವನ್ನು ಒಡೆದು ಸಿಹಿ ಮಾಡುವುದು ಅದೇ. ಈಗ ಹೊಸ ಕಿಣ್ವಗಳನ್ನು ಹುಡುಕುವುದಷ್ಟೇ ಅಲ್ಲ, ತಿದ್ದುವುದೂ ಉಂಟು: ಜೀನನ್ನು ಬದಲಿಸಿ, ಹುಟ್ಟಿದವುಗಳಲ್ಲಿ ಚೆನ್ನಾಗಿ ದುಡಿಯುವುದನ್ನು ಆರಿಸಿ, ಅದನ್ನು ಮತ್ತೆ ಬದಲಿಸುತ್ತ ಹೋಗುವುದು. ನಮ್ಮ ರೈತರು ಬಿತ್ತನೆಗೆ ಒಳ್ಳೆಯ ತೆನೆ ಆರಿಸಿದಂತೆ. ಈ ವಿಧಾನಕ್ಕೆ ಫ್ರಾನ್ಸಿಸ್ ಆರ್ನಾಲ್ಡ್ ಎಂಬ ಮಹಿಳೆಗೆ 2018ರ ನೊಬೆಲ್ ಬಂತು.

ಸ್ವದೇಶಕ್ಕೆ ಮರಳಿದ ಕಮಲಾ ಅವರು ಕೆಲವು ಕಾಲ ಕೂನೂರಿನ ಪೌಷ್ಟಿಕ ಆಹಾರ ಪ್ರಯೋಗಾಲಯದಲ್ಲಿ ದುಡಿದರು. ಆ ಪ್ರಯೋಗಾಲಯವೇ 1958ರಲ್ಲಿ ನಮ್ಮ ಹೈದರಾಬಾದಿಗೆ ಬಂದು, ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ನಿಂತಿದೆ. ನಾರಾಯಣಗೂಡದಿಂದ ಅದೆಷ್ಟು ದೂರ!

ಇಂದು ಸಿ.ಎಸ್.ಐ.ಆರ್. ಫೆಲೋಶಿಪ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಒಟ್ಟು ಐದು ವರ್ಷದವರೆಗೆ. ಮೊದಲ ಪ್ರಶ್ನೆಗೆ ಹೀಗೆ ಉತ್ತರವುಂಟು. ಎರಡನೆಯದನ್ನು ಮಗಳನ್ನೇ ಕೇಳೋಣ.