ಸಾಲಗಾಮೆಯ ದಾರಿ, ಸರ್ಕಾರದ ಬಸ್ಸು

ಹಾಸನ ಪಟ್ಟಣದವರಿಗೆ ಸಾಲಗಾಮೆ ರಸ್ತೆಯೆಂದರೆ ಈಗ ಬಡಾವಣೆಯೊಂದರ ವಿಳಾಸ. 1960ರಲ್ಲಿ ಸ್ಥಾಪಿತವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವುದು ಆ ರಸ್ತೆಯಲ್ಲಿಯೇ. ರಸ್ತೆಗೆ ಹೆಸರು ಕೊಟ್ಟ ಹೋಬಳಿಯ ಊರಿಗೆ ಮಾತ್ರ ರೈಲು ಬರಲಿಲ್ಲ. ಮೈಸೂರು–ಅರಸೀಕೆರೆ ಮಾರ್ಗ ಹೊಳೆನರಸೀಪುರವನ್ನೂ ಹಾಸನವನ್ನೂ ಮುಟ್ಟಿತು. ಚನ್ನರಾಯಪಟ್ಟಣದ ಮೂಲಕ ಬೆಂಗಳೂರಿಗೆ ನೇರ ರೈಲು ಓಡಿದ್ದು 2017ರಲ್ಲಿ. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಆದ್ದರಿಂದ ಈ ಸೀಮೆಯ ಸಂಚಾರದ ಚರಿತ್ರೆಯೆಂದರೆ ಬಹುಮಟ್ಟಿಗೆ ಬಸ್ಸಿನ ಚರಿತ್ರೆಯೇ.

ಮೈಸೂರು ಸರ್ಕಾರ 120 ಬಸ್ಸುಗಳೊಡನೆ ಸಾರಿಗೆ ಇಲಾಖೆಯನ್ನು ಆರಂಭಿಸಿದ್ದು 1948ರ ಸೆಪ್ಟೆಂಬರ್ 12ರಂದು. ಅದಕ್ಕೆ ಮೊದಲು ಬಸ್ಸು ಖಾಸಗಿ ಮಾಲೀಕರ ವ್ಯಾಪಾರವಾಗಿತ್ತು. ಜನ ತುಂಬುವ ದಾರಿಯನ್ನು ಹಿಡಿಯುವುದು ವ್ಯಾಪಾರದ ಧರ್ಮ. ಅದಕ್ಕಾಗಿ ಅವರನ್ನು ಹಳಿಯುವುದು ನ್ಯಾಯವಲ್ಲ. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ಹೊಸ ಅಧ್ಯಾಯವೊಂದು ಸೇರಿತು. ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಸುಸಂಘಟಿತವೂ ಆದ ಸೇವೆಗಾಗಿ ಒಂದು ಮಾರ್ಗವನ್ನು ಸರ್ಕಾರಿ ಸಾರಿಗೆಯೇ ಪೂರ್ತಿಯಾಗಿ ವಹಿಸಿಕೊಳ್ಳಲು ಅದು ಅವಕಾಶವಿತ್ತಿತು. 1961ರ ಆಗಸ್ಟ್ 1ರಂದು ಇಲಾಖೆ ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರಿನೊಡನೆ ಅದರ ಹೆಸರೂ ಬದಲಾಯಿತು.

ರಾಷ್ಟ್ರೀಕರಣದ ತಿರುಳು ನನಗೆ ಕಾಣುವುದು ಇಷ್ಟರಲ್ಲಿ: ದೊಡ್ಡ ಊರುಗಳ ನಡುವಣ ಗಳಿಕೆ ಹಳ್ಳಿಯ ದಾರಿಯ ನಷ್ಟವನ್ನು ತುಂಬಬೇಕು. ಸಂಜೆಯ ಬಸ್ಸು ಅರ್ಧ ಖಾಲಿ ಓಡಿತೆಂದು ಅದನ್ನು ನಿಲ್ಲಿಸಿ ನೋಡಿ, ಬೆಳಗಿನ ಬಸ್ಸೂ ಬರಿದಾಗುತ್ತದೆ. ಮರಳುವ ಭರವಸೆಯಿಲ್ಲದವರು ಹೊರಡುವುದಿಲ್ಲ. ಇಲ್ಲವೆ ಸಾಲ ಮಾಡಿ ಮೋಟಾರು ಸೈಕಲ್ಲನ್ನೋ, ಅನುಕೂಲವಿದ್ದರೆ ಕಾರನ್ನೋ ಕೊಳ್ಳುತ್ತಾರೆ. ಮನೆಗೊಂದು ವಾಹನ ಬಂತೆಂದು ಲೆಕ್ಕದವರು ಬರೆದುಕೊಳ್ಳುತ್ತಾರೆ; ಅದರ ಕೀಲಿಕೈ ಯಾರ ಜೇಬಿನಲ್ಲಿದೆಯೆಂದು ಕೇಳುವವರಿಲ್ಲ. ನಾನು ಪಾಠ ಹೇಳುತ್ತಿದ್ದಾಗ ಕೊನೆಯ ತರಗತಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಕಣ್ಣು ಪುಸ್ತಕದ ಮೇಲಿರುತ್ತಿರಲಿಲ್ಲ, ಗಡಿಯಾರದ ಮೇಲಿರುತ್ತಿತ್ತು. ಪಂಪನನ್ನು ಅಂಥ ವೇಳೆಯಲ್ಲಿ ಕಲಿಸುವುದು ಸುಲಭವಲ್ಲ!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ದುಂದುವೆಚ್ಚವೆಂದು ಮೂಗು ಮುರಿಯುವವರೊಡನೆ ನನಗೆ ಸಹಮತವಿಲ್ಲ. ಆದರೆ ಟಿಕೆಟ್ಟಿನ ಹಣ ಉಳಿಯುವುದು ಬಸ್ಸು ಬರುವ ಊರಿನವಳಿಗೆ. ಹೋಬಳಿಯ ಒಳದಾರಿಗಳಿಗೆ ಇನ್ನೊಂದು ಗಾಡಿ, ಇನ್ನೊಬ್ಬ ಚಾಲಕ, ಸಂಜೆಗೊಂದು ಹೆಚ್ಚಿನ ಸರದಿ, ಇವುಗಳ ವೆಚ್ಚ ಬೇರೆ. ಅದನ್ನು ನಿಗಮದ ಗಳಿಕೆಯೊಂದರಿಂದಲೇ ತೂಗಿಸಲಾಗದು. ಶಾಲೆಗೆ, ಆಸ್ಪತ್ರೆಗೆ ತೆಗೆದಿರಿಸುವಂತೆ ಸರ್ಕಾರ ಅದಕ್ಕೂ ವರ್ಷವರ್ಷ ಹಣ ತೆಗೆದಿರಿಸಬೇಕೆಂಬುದು ನನ್ನ ಅಭಿಪ್ರಾಯ.